ಎಡಗಡೆಗೆ ಕತ್ತರಿಸಿದ ತಗಡು

ನಾಸಿಕ್ ರೋಡ್
9 ಜನವರಿ 2025

ತಮ್ಮ ಮೈಲಾರಿಗೆ ಅಕ್ಕ ಚನಬಸವ್ವಳ ಶರಣು.

ಫೋನ್ ಮಾಡಿದರೆ ನೀನು ‘ಹ್ಞೂಂ ಹ್ಞೂಂ, ಮಷಿನ್ ಮ್ಯಾಲ ಅದೀನಿ’ ಎಂದು ಅರ್ಧಕ್ಕೇ ಕತ್ತರಿಸುತ್ತೀ. ಅದಕ್ಕೇ ಈ ಕಾಗದ. ನಮ್ಮೂರ ಸೋಮಲಿಂಗ ಕೂಲಿಗಳ ಗ್ಯಾಂಗ್ ಕಟ್ಟಿಕೊಂಡು ನಿಮ್ಮ ಸಂಭಾಜಿನಗರದ ಸೈಟಿಗೂ ಇಲ್ಲಿಯ ಸೈಟಿಗೂ ಓಡಾಡುತ್ತಿರುತ್ತಾನಲ್ಲ, ಅವನ ಕೈಯಲ್ಲಿ ಕಾಗದದ ಜೊತೆ ಒಂದು ತಗಡಿನ ಸಾಮಾನು ಕಳಿಸಿದ್ದೇನೆ. ನಗಬೇಡ. ಮೊದಲು ಪೂರ್ತಿ ಓದು.

ಯುಗಾದಿಗೆ ನನ್ನ ಖಾನಾವಳಿ ಶೆಡ್ಡಿನಿಂದ ರಸ್ತೆ ಮೇಲಿನ ದೊಡ್ಡ ಹಾಲ್‌ಗೆ ಹೋಗುತ್ತದೆ. ಹನ್ನೆರಡು ಟೇಬಲ್. ಕೈ ತೊಳೆಯುವ ನಲ್ಲಿ ಹಿಂದುಗಡೆ ಒಂದೇ, ನೀರು ಬಂದರೆ ಬಂತು. ಅದಕ್ಕೆ ಟಿಶ್ಯೂ ಕಾಗದ ಇಡಬೇಕೆಂದರೆ ಅದೊಂದು ದೊಡ್ಡ ರಾಮಾಯಣ. ತಟ್ಟೆಯಲ್ಲಿಟ್ಟರೆ ಫ್ಯಾನಿನ ಗಾಳಿಗೆ ಹಾರುತ್ತವೆ. ಮೊನ್ನೆ ಒಂದು ಹೋಗಿ ಬ್ಯಾಂಕಿನ ಅರವಿಂದರಾಯರ ಸಾರಿನಲ್ಲಿ ಬಿತ್ತು, ಪಾಪ ಅವರು ಹಪ್ಪಳವೆಂದು ಎತ್ತಿದರು. ಗ್ಲಾಸಿನಲ್ಲಿ ನಿಲ್ಲಿಸಿದರೆ ಅರ್ಧ ಖಾಲಿಯಾಗುವುದೇ ತಡ, ಬಾಡಿದ ಮೆಂತ್ಯದ ಹಾಗೆ ಬಾಗುತ್ತವೆ. ಬಜಾರಿನ ಸ್ಟ್ಯಾಂಡ್ ತಂದೆ. ಒಂದು ಕಾಗದ ಎಳೆದರೆ ಸ್ಟ್ಯಾಂಡೇ ಅಡ್ಡ ಬೀಳುತ್ತದೆ.

ಕಡೆಗೆ ಎಣ್ಣೆ ಡಬ್ಬಿ ಕತ್ತರಿಸಿ ನಾನೇ ಮಾಡಿದೆ. ನಡುವೆ ನೆಟ್ಟಗೆ ಒಂದು ಗೋಡೆ. ಎರಡೂ ಕಡೆ ಒಂದೊಂದು ತಗಡಿನ ಬಾಗಿಲು, ಬುಡದಲ್ಲಿ ಬಿಜಾಗರಿ. ಬಾಗಿಲು ತನ್ನ ಭಾರಕ್ಕೆ ತಾನೇ ಒಳಗೆ ವಾಲಿ ಕಾಗದವನ್ನು ಗೋಡೆಗೆ ಒತ್ತಿ ಹಿಡಿಯುತ್ತದೆ. ನೂರು ಇರಲಿ, ಎರಡೇ ಇರಲಿ, ನಿಂತೇ ಇರುತ್ತವೆ. ತಳದಲ್ಲಿ ಹಳೆಯ ತಕ್ಕಡಿಯ ಅರ್ಧ ಕಿಲೋ ಕಲ್ಲು ಕೂರಿಸಿದ್ದೇನೆ. ಎರಡೂ ಬಾಗಿಲಿನ ಮೇಲಿನ ಮೂಲೆಯನ್ನು, ಎದುರು ಕುಳಿತವರ ಎಡಕ್ಕೆ ಬರುವ ಹಾಗೆ ಕತ್ತರಿಸಿದ್ದೇನೆ, ಕಾಗದದ ತುದಿ ಅಲ್ಲಿ ಸಿಗಲೆಂದು.

ನಿಮ್ಮ ತಗಡಿನ ಕಾರ್ಖಾನೆಯಲ್ಲಿ ಇಂಥವು ಹನ್ನೆರಡು ಸ್ಟೀಲಿನಲ್ಲಿ ಮಾಡಿಸು. ಖರ್ಚು ನನ್ನದು. ಇದ್ದದ್ದು ಇದ್ದ ಹಾಗೆ ಮಾಡಿಸು ತಮ್ಮಾ, ನಿನ್ನ ಜಾಣತನ ಅದರಲ್ಲಿ ತುರುಕಬೇಡ. ನಾನು ಮಾಡಿದ್ದನ್ನು ತಿದ್ದಲು ಎಲ್ಲರಿಗೂ ಕೈ ತುರಿಸುತ್ತದೆ, ಅದು ನನಗೆ ಗೊತ್ತು.

ಚನಬಸವ್ವ


ವಾಳೂಜ್, ಛತ್ರಪತಿ ಸಂಭಾಜಿನಗರ
3 ಫೆಬ್ರವರಿ 2025

ಅಕ್ಕನಿಗೆ ಮೈಲಾರಿಯ ಶರಣು.

ನಿನ್ನ ಡಬ್ಬಿ ತಲುಪಿತು. ಬಾಗಿಲಿನ ಯುಕ್ತಿ ಚೆನ್ನಾಗಿದೆ, ಒಪ್ಪಿದೆ. ನಮ್ಮ ಕಾರ್ಖಾನೆಯ ಸೇಠರೂ ನೋಡಿದರು, ಖುಷಿಪಟ್ಟರು. ಸೋಮಲಿಂಗನ ಕೈಯಲ್ಲಿ ಮೊದಲನೆಯ ನಮೂನೆ ಕಳಿಸಿದ್ದೇನೆ. ಬೆರಳು ಹಾಯಿಸಿ ನೋಡು, ಎಲ್ಲೂ ಚುಚ್ಚುವುದಿಲ್ಲ. ನಿನ್ನ ಡಬ್ಬಿಯಂತೆ ರಕ್ತ ಕೇಳುವುದಿಲ್ಲ.

ಎರಡು ತಪ್ಪು ತಿದ್ದಿದ್ದೇನೆ. ಒಂದು, ಆ ಕಲ್ಲು ತೆಗೆದೆ. ಊಟದ ಟೇಬಲ್ಲಿನ ಮೇಲೆ ತಕ್ಕಡಿ ಕಲ್ಲು ಯಾರಿಡುತ್ತಾರೆ? ಕೆಳಗೆ ರಬ್ಬರಿನ ಕಾಲು ಹಾಕಿದ್ದೇನೆ. ಎರಡು, ಮೂಲೆಯ ಕತ್ತರಿಕೆಯನ್ನು ಬಲಕ್ಕೆ ತಂದೆ. ಅಕ್ಕಾ, ನೀನು ಎಡಚಿ, ನಿನಗೆ ಎಡ ಸಲೀಸು. ಆದರೆ ಲೋಕವೆಲ್ಲ ಎಡಚರಲ್ಲ. ಅಜ್ಜಿ ನಿನ್ನ ಎಡಗೈಯನ್ನು ಸೀರೆಯ ಚುಂಗಿನಿಂದ ಕಟ್ಟಿ ಕೂರಿಸಿ ಆ ಚಾಳಿ ಬಿಡಿಸಿದಳೆಂದುಕೊಂಡಿದ್ದೆ. ಪೂರ್ತಿ ಬಿಟ್ಟಿಲ್ಲ, ತಗಡಿನಲ್ಲಿ ಉಳಿದುಕೊಂಡಿದೆ. ಸೇಠರಿಗೂ ಇದನ್ನು ಹೇಳಿದೆ, ಎಲ್ಲರೂ ನಕ್ಕರು.

ಹೂಂ ಅಂದರೆ ಉಳಿದ ಹನ್ನೊಂದೂ ಹೀಗೇ ಮಾಡಿಸುತ್ತೇನೆ. ನಿನ್ನ ಯಜಮಾನರು, ನಮ್ಮ ಮಾಮಾ, ಹೇಗಿದ್ದಾರೆ? ಬೆನ್ನುನೋವು ಕಡಿಮೆಯಾಯಿತೇ?

ನಿನ್ನ ತಮ್ಮ
ಮೈಲಾರಿ


ನಾಸಿಕ್ ರೋಡ್
8 ಫೆಬ್ರವರಿ 2025

ಮೈಲಾರಿ,

ನಿನ್ನ ಮಾಮಾನ ಬೆನ್ನು ನೆಟ್ಟಗಿದೆ. ನಿನ್ನ ತಲೆಯೇ ನೆಟ್ಟಗಿಲ್ಲ.

ಎಲ್ಲರೂ ನಕ್ಕರೇ? ನಗಲಿ. ಈಗ ನಾನು ಕೇಳುತ್ತೇನೆ, ಹೇಳು. ಉಣ್ಣುವುದು ಯಾವ ಕೈಯಿಂದ? ಬಲಗೈ. ರೊಟ್ಟಿ ಮುರಿದು ಎಣ್ಣೆಗಾಯಿ ಪಲ್ಯ ಬಳಿದು ಉಂಡ ಮೇಲೆ ಎಂಜಲಾಗಿರುವುದು ಯಾವ ಕೈ? ಬಲಗೈ. ಹಾಗಾದರೆ ಕಾಗದ ಎಳೆಯಬೇಕಾದ್ದು ಯಾವ ಕೈ, ಜಾಣಪ್ಪಾ? ಎಂಜಲ ಕೈಯನ್ನು ಸ್ಟ್ಯಾಂಡಿಗೆ ಚಾಚಿದರೆ ಮುಂದಿನವನಿಗೆ ಸಿಗುವುದು ನಿನ್ನ ಎಣ್ಣೆಗಾಯಿ ಬಳಿದ ಕಾಗದ. ಕಲ್ಲೂ ಅದಕ್ಕೇ ಇತ್ತು. ಒಂದು ಕೈ ಎಂಜಲು ಅಂದಮೇಲೆ ಸ್ಟ್ಯಾಂಡನ್ನು ಹಿಡಿದುಕೊಳ್ಳಲು ಇನ್ನೊಂದು ಕೈ ಎಲ್ಲಿಂದ ತರಬೇಕು? ನಿನ್ನ ರಬ್ಬರಿನ ಕಾಲು ಕಾಗದ ಎಳೆದರೆ ಮೇಕೆಮರಿ ಹಾಗೆ ಹಿಂದೆ ಹಿಂದೆ ಬರುತ್ತದೆ.

ಹದಿನೈದು ವರ್ಷ ಸಾಹೇಬರ ನಡುವೆ ಚಮಚದಲ್ಲಿ ಉಂಡು ಉಂಡು ನಿನಗೆ ಎಂಜಲೆಂದರೆ ಏನೆಂಬುದೇ ಮರೆತುಹೋಗಿದೆ. ನಮ್ಮವ್ವನ ಪಂಕ್ತಿಯಲ್ಲಿ ಉಂಡವನು ನೀನು!

ಇನ್ನು ಎಡಚಿ ಎಂಬ ಮಾತು. ಅಜ್ಜಿ ಕೈ ಕಟ್ಟಿದ್ದನ್ನು ನಗಲಿಕ್ಕೆಂದು ಆ ಸೇಠನಿಗೆ ಹೇಳಿದೆಯಲ್ಲ, ನಾಚಿಕೆಯಾಗಲಿಲ್ಲವೇ? ಆ ಚುಂಗು ಎಷ್ಟು ಬಿಗಿಯಾಗಿತ್ತೆಂದು ನಿನಗೇನು ಗೊತ್ತು, ನೀನು ತೊಟ್ಟಿಲಲ್ಲಿದ್ದೆ. ಅದು ನನಗೋಸ್ಕರ ಮಾಡಿದ ಸ್ಟ್ಯಾಂಡಾಗಿದ್ದರೆ ನೀನು ಕತ್ತರಿಸಿದ ಕಡೆಗೇ ನಾನೂ ಕತ್ತರಿಸುತ್ತಿದ್ದೆ. ಯಾಕೆಂದು ನಿನಗೆ ಹೊಳೆಯುವುದಿಲ್ಲ, ಬಿಡು. ನಾನು ಮಾಡಿದ್ದು ಬಂದು ಉಣ್ಣುವವರಿಗೆ.

ನನ್ನ ಡಬ್ಬಿ ವಾಪಸ್ ಕಳಿಸು. ಹನ್ನೆರಡನ್ನೂ ಅದರಂತೆಯೇ ಮಾಡಿಸು. ಆಗದಿದ್ದರೆ ಆಗುವುದಿಲ್ಲವೆನ್ನು.

ಚನಬಸವ್ವ


ವಾಳೂಜ್, ಛತ್ರಪತಿ ಸಂಭಾಜಿನಗರ
2 ಮಾರ್ಚ್ 2025

ಶ್ರೀಮತಿ ಚನಬಸವ್ವ ಅವರಿಗೆ,

ತಮ್ಮ ಪತ್ರ ತಲುಪಿತು. ಒಂದು ಮಾತಿಗೆ ಇಷ್ಟು ಬೈಗುಳ ತಿನ್ನುವ ವಯಸ್ಸು ನನಗೀಗ ಇಲ್ಲ. ನನಗೂ ನಲವತ್ತನಾಲ್ಕಾಯಿತು.

ಕಾರ್ಖಾನೆ ನನ್ನಪ್ಪನದಲ್ಲ. ಇಲ್ಲಿ ಏನು ಆಗಬೇಕು, ಹೇಗೆ ಆಗಬೇಕು ಎಂಬುದಕ್ಕೆ ಬೇರೆ ಜನ ಇದ್ದಾರೆ. ಬಲಕ್ಕೆ ಕತ್ತರಿಸಿದ ನಮೂನೆಗೇ ಸೇಠರು ಹೂಂ ಅಂದು ಒಂದು ದೊಡ್ಡ ಹೋಟೆಲಿಗೆ ಕೊಟ್ಟೂ ಆಗಿದೆ. ಅವರಿಗೆ ಮೆಚ್ಚಿಗೆಯಾಗಿದೆ. ಓದಿದ ಜನಕ್ಕೆ ಸರಿ ಕಂಡದ್ದು ತಮಗೊಬ್ಬರಿಗೆ ತಪ್ಪಾಗಿ ಕಂಡರೆ ನಾನೇನು ಮಾಡಲಿ?

ಡಬ್ಬಿ ಸದ್ಯ ಸೇಠರ ಟೇಬಲ್ ಮೇಲಿದೆ. ಈಗ ಕೇಳಲು ಬರುವುದಿಲ್ಲ. ಸಮಯ ಸಿಕ್ಕಾಗ ನೋಡೋಣ.

ಮೈಲಾರಿ


ನಾಸಿಕ್ ರೋಡ್
10 ಮಾರ್ಚ್ 2025

ಮೈಲಾರಿ ಸಾಹೇಬರಿಗೆ,

‘ಬೇರೆ ಜನ ಇದ್ದಾರೆ’, ‘ಸಮಯ ಸಿಕ್ಕಾಗ’. ಅಡ್ಡಗೋಡೆಯ ಮೇಲೆ ದೀಪವಿಟ್ಟ ಹಾಗೆ ಬರೆದಿದ್ದೀರಿ. ಆ ದೀಪವನ್ನು ಸೋಮಲಿಂಗ ಕೆಳಗಿಳಿಸಿದ. ನನ್ನ ಕಾಗದ ಕೊಡಲು ನಿಮ್ಮ ಕಾರ್ಖಾನೆಗೆ ಬಂದಿದ್ದನಲ್ಲ, ಅಲ್ಲಿ ಕಂಡದ್ದನ್ನು ನಿನ್ನೆ ಉಣ್ಣುತ್ತ ಹೇಳಿದ, ಒಳ್ಳೆಯ ಸುದ್ದಿ ಅಂದುಕೊಂಡು.

‘ಅಕ್ಕಾ, ನಿಮ್ಮ ತಮ್ಮ ಈಗ ಮಷಿನ್ ಮ್ಯಾಲ ಇಲ್ರಿ. ಡಿಸೈನ್ ರೂಮಿನ್ಯಾಗ ಕುರ್ಚಿ ಕೊಟ್ಟಾರ್ರಿ. ಟಿಶ್ಯೂ ಸ್ಟ್ಯಾಂಡ್ ಅವರೇ ಕಂಡುಹಿಡಿದದ್ದಂತ್ರಿ. ಸೇಠ ಬಂದವರಿಗೆಲ್ಲ ತೋರಿಸಿ, ಇದು ನಮ್ಮ ಮೈಲಾರಿ ತಲಿ ಅಂತಾರ್ರಿ!’

ನಾನು ಅವನ ತಾಟಿಗೆ ಇನ್ನೊಂದು ರೊಟ್ಟಿ ಹಾಕಿದೆ.

ಕೇಳಿದ್ದರೆ ಕೊಡುತ್ತಿದ್ದೆ, ಸಾಹೇಬರೇ. ‘ಅಕ್ಕಾ, ಇದು ನನ್ನದಂತ ಹೇಳ್ಲಾ?’ ಎಂದಿದ್ದರೆ ‘ಹೇಳ್ಕೋ ನನ್ನಪ್ಪಾ’ ಎನ್ನುತ್ತಿದ್ದೆ. ನೀವು ಅದನ್ನು ನಿಮ್ಮದೆಂದಿರಿ, ತಪ್ಪುಗಳನ್ನು ಮಾತ್ರ ನನ್ನವೆಂದಿರಿ. ತಲೆ ಮೈಲಾರಿಯದು, ಎಡಚಿ ಚಾಳಿ ಚನಬಸವ್ವನದು! ಚೆನ್ನಾಗಿ ಹಂಚಿದಿರಿ.

ನನಗೆ ಸ್ಟ್ಯಾಂಡ್ ಬೇಡ. ಇದು ಯಾರದೆಂದು ನೀವು ನಿಮ್ಮ ಬಾಯಿಂದ ಹೇಳುವ ತನಕ ನನಗೆ ಕಾಗದ ಬರೆಯುವುದೂ ಬೇಡ.

ಚನಬಸವ್ವ


ವಾಳೂಜ್, ಛತ್ರಪತಿ ಸಂಭಾಜಿನಗರ
27 ಮಾರ್ಚ್ 2025

ಅಕ್ಕಾ,

ಬೇಡವೆಂದರೂ ಬರೆಯುತ್ತಿದ್ದೇನೆ. ಈಗ ನೀನು ಕೇಳು.

ಹೌದು, ನನ್ನದೆಂದೆ. ಸೇಠರು ಡಬ್ಬಿಯನ್ನು ಎತ್ತಿ ಹಿಡಿದು ‘ಹೇ ಡೋಕಂ ಕೋಣಾಚಂ?’ ಎಂದರು. ಈ ತಲೆ ಯಾರದು ಅಂತ. ಹದಿನೈದು ವರ್ಷದಲ್ಲಿ ಆ ಮನುಷ್ಯ ನನ್ನ ಕೈ ನೋಡಿದ್ದ, ತಲೆ ನೋಡಿರಲಿಲ್ಲ. ನಿನ್ನೆ ಮೊನ್ನೆ ಬಂದ ಹುಡುಗರು ಡಿಪ್ಲೊಮಾ ಹಿಡಿದುಕೊಂಡು ಎಸಿ ರೂಮಿನಲ್ಲಿ ಕೂರುತ್ತಾರೆ, ಅವರು ಎಳೆದ ಗೆರೆ ತಗಡಿಗೆ ಹೊಂದದಿದ್ದರೆ ತಿದ್ದುವವನು ನಾನು, ಹೆಸರು ಅವರದು. ಆಗ ನೀನು ಬಂದು ಕೇಳಿದೆಯಾ, ಮೈಲಾರಿ, ನಿನ್ನ ಕೆಲಸಕ್ಕೆ ಯಾರ ಹೆಸರು ಅಂತ? ಬಾಯಿಂದ ‘ಮಾಝಂ’ ಎಂದು ಬಂದುಬಿಟ್ಟಿತು, ಯುಕ್ತಿ ನನ್ನದು, ಅಕ್ಕ ತಗಡು ಕತ್ತರಿಸಿದ್ದಷ್ಟೇ ಅಂತ. ಬಂದ ಮೇಲೆ ನುಂಗಲು ಆಗಲಿಲ್ಲ. ನನಗೂ ಸಿಟ್ಟಿದೆ ಅಕ್ಕಾ, ನಿನಗೊಬ್ಬಳಿಗೇ ಅಲ್ಲ.

ನಿನಗೆ ಖುಷಿಯಾಗುವ ಸುದ್ದಿಯನ್ನೂ ಹೇಳುತ್ತೇನೆ. ಹೋಟೆಲಿನವರು ಅಷ್ಟೂ ಸ್ಟ್ಯಾಂಡನ್ನು ವಾಪಸ್ ಕಳಿಸಿದರು. ಕಾಗದದ ತುಂಬ ಗ್ರೇವಿ ಬಳಿದುಕೊಂಡಿತ್ತು. ಸೇಠರು ನನ್ನ ಮುಂದೆ ಸುರಿದು ‘ತಿದ್ದು’ ಎಂದರು. ಅಂದು ಮಧ್ಯಾಹ್ನ ಕ್ಯಾಂಟೀನಿನಲ್ಲಿ ಚಮಚ ಬದಿಗಿಟ್ಟು ಕೈಯಿಂದ ಉಂಡೆ. ಉಂಡು ಸುಮ್ಮನೆ ಎರಡೂ ಕೈ ನೋಡಿಕೊಂಡು ಕುಳಿತೆ. ನೀನು ಹೇಳಿದ್ದೇ ಸರಿ. ಎಡಕ್ಕೆ ತಿರುಗಿಸಿದೆ, ತಳಕ್ಕೆ ದಪ್ಪ ಕಬ್ಬಿಣದ ಪಟ್ಟಿ ಹಾಕಿದೆ. ಈಗ ಎಲ್ಲರಿಗೂ ಒಪ್ಪಿಗೆ.

ನಿನ್ನ ಹನ್ನೆರಡೂ ಬಸ್ಸಿನ ಪಾರ್ಸೆಲಿನಲ್ಲಿ ಯುಗಾದಿಗೆ ಮುಂಚೆ ತಲುಪುತ್ತವೆ. ತಿರುಗಿಸಿ ತಳ ನೋಡು. ಒಂದೊಂದರ ಮೇಲೂ ಉಳಿಯಿಂದ ನಿನ್ನ ಹೆಸರು ಹೊಡೆದಿದ್ದೇನೆ. ಇಲ್ಲಿ ಮಾರುವ ಸ್ಟ್ಯಾಂಡಿಗೂ ಅಚ್ಚು ಮಾಡಿಸಿ ಅದನ್ನೇ ಒತ್ತುತ್ತಿದ್ದೇನೆ. ಇನ್ನಾದರೂ ಸಿಟ್ಟು ಬಿಡು. ಹೊಸ ಖಾನಾವಳಿಯ ಪೂಜೆಗೆ ಬರಲೇ?

ಮೈಲಾರಿ


ನಾಸಿಕ್ ರೋಡ್
2 ಏಪ್ರಿಲ್ 2025

ಮೈಲಾರಿ,

ಪೂಜೆ ಮುಗಿಯಿತು. ಪೂಜೆಗೆ ಬಾ ಎಂದು ನಿನ್ನ ಮಾಮಾ ಫೋನ್ ಮಾಡಹೊರಟಿದ್ದರು, ನಾನೇ ಬೇಡವೆಂದೆ.

ಪಾರ್ಸೆಲ್ ಬಂತು. ಕೆಲಸ ಚೆನ್ನಾಗಿದೆ, ಸುಳ್ಳು ಹೇಳುವುದಿಲ್ಲ. ಬಾಗಿಲು ಹೂವಿನ ಹಾಗೆ ಮುಚ್ಚಿಕೊಳ್ಳುತ್ತದೆ. ತಿರುಗಿಸಿ ತಳ ನೋಡಿದೆ. ‘ಚನಬಸವ್ವ’ ಎಂದಿದೆ. ಎಂಜಲು ಒರೆಸುವ ಕಾಗದದ ಗೂಡಿನ ಬುಡಕ್ಕೆ ಶರಣರ ಹೆಸರು! ನನ್ನ ಹೆಸರು ನನಗೊಬ್ಬಳಿಗೆ ಸೇರಿದ್ದಲ್ಲ ಕಣೋ, ದೇವರ ಮಾಡದ ಮುಂದೆ ನಿಂತು ಅಪ್ಪ ಇಟ್ಟದ್ದು. ಒಂದು ಸ್ಟ್ಯಾಂಡಿನ ಬುಡಕ್ಕೆ ಸಾರು ಹರಿದು ಹೆಸರು ನೆನೆದದ್ದನ್ನು ನೋಡಿ ನಿನ್ನ ಮಾಮಾ ಕಣ್ಣಿಗೊತ್ತಿಕೊಂಡು ಒರೆಸಿದರು. ಅರ ತಂದು ಹನ್ನೆರಡರ ಬುಡವನ್ನೂ ಅವರೇ ಉಜ್ಜಿ ತೆಗೆದಿದ್ದಾರೆ.

ಅದು ನಿನಗೆ ಹೊಳೆಯಲಿಲ್ಲ, ಇರಲಿ. ನನ್ನ ಮೈ ಉರಿದದ್ದು ಬೇರೆ ಮಾತಿಗೆ. ಯಾವ ಅಕ್ಷರದಲ್ಲಿ ಹೊಡೆದಿದ್ದೀ? ಕನ್ನಡದಲ್ಲಿ. ಎಲ್ಲಿ ಹೊಡೆದಿದ್ದೀ? ತಳದಲ್ಲಿ. ನಿನ್ನ ಸೇಠನಿಗೆ ಕನ್ನಡ ಬರುವುದಿಲ್ಲ. ಆ ಡಿಪ್ಲೊಮಾ ಹುಡುಗರಿಗೆ ಬರುವುದಿಲ್ಲ. ಇದೇನೆಂದು ಕೇಳಿದವರಿಗೆ ಏನೆಂದು ಹೇಳಿದೆ? ನಮ್ಮ ದೇವರ ಹೆಸರು ಎಂದೆಯಾ? ಕಂಪನಿಯ ಗುರುತು ಎಂದೆಯಾ? ಓದಲಾರದವರ ಊರಿನಲ್ಲಿ, ಯಾರೂ ತಿರುಗಿಸಿ ನೋಡದ ಜಾಗದಲ್ಲಿ ನನ್ನ ಹೆಸರು ಹೊಡೆದು, ಅದನ್ನು ನನಗೊಬ್ಬಳಿಗೇ ತೋರಿಸಿ ‘ಸಿಟ್ಟು ಬಿಡು’ ಎನ್ನುತ್ತೀ. ಕಳ್ಳತನಕ್ಕಿಂತ ಇದು ಕೀಳು, ಮೈಲಾರಿ. ಕಳ್ಳನಿಗಾದರೂ ತಾನು ಕಳ್ಳನೆಂದು ಗೊತ್ತಿರುತ್ತದೆ.

ಹೆಸರು ಹೊಡಿ ಎಂದು ನಾನು ಕೇಳಿರಲೇ ಇಲ್ಲ. ಬಾಯಿಂದ ಹೇಳು ಎಂದಿದ್ದೆ. ಅವರಿಗೆ ತಿಳಿಯುವ ಭಾಷೆಯಲ್ಲಿ, ಅವರ ಮುಖ ನೋಡಿ. ಅಷ್ಟೇ.

ಚನಬಸವ್ವ


ವಾಳೂಜ್, ಛತ್ರಪತಿ ಸಂಭಾಜಿನಗರ
3 ಮೇ 2025

ಅಕ್ಕಾ,

ಹೇಳಿದೆ.

ಮೊನ್ನೆ ಒಂದನೇ ತಾರೀಖು ಮಹಾರಾಷ್ಟ್ರ ದಿನ. ಕಾರ್ಖಾನೆಯ ಅಂಗಳದಲ್ಲಿ ಝಂಡಾ ಹಾರಿಸಿದರು, ಜಿಲೇಬಿ ಹಂಚಿದರು. ಸೇಠರು ನನ್ನನ್ನು ಮುಂದೆ ಕರೆದು ಶಾಲು ಹೊದಿಸಲು ಎತ್ತಿದರು. ಎಲ್ಲರೂ ಚಪ್ಪಾಳೆ ತಟ್ಟುತ್ತಿದ್ದರು. ನಾನು ಶಾಲು ಹಿಡಿದು ‘ಹೇ ಮಾಝಂ ನಾಹೀ. ಮಾಝ್ಯಾ ಬಹಿಣೀಚಂ ಆಹೇ’ ಎಂದೆ. ಇದು ನನ್ನದಲ್ಲ, ನನ್ನ ಅಕ್ಕನದು. ಚಪ್ಪಾಳೆ ನಿಂತಿತು. ಸೇಠರು ‘ಹಾಗಾದರೆ ನೀನು ಮಾಡಿದ್ದೇನು?’ ಎಂದರು. ಬಲಕ್ಕೆ ಕತ್ತರಿಸಿದ್ದು ಮಾತ್ರ ನಾನು ಎಂದೆ. ಹೋಟೆಲಿನಿಂದ ಮಾಲು ವಾಪಸ್ ಬಂದದ್ದು ಎಲ್ಲರಿಗೂ ಗೊತ್ತಿತ್ತಲ್ಲ, ಅಂಗಳಕ್ಕೆ ಅಂಗಳವೇ ನಕ್ಕಿತು. ತಳದ ಅಕ್ಷರ ಏನೆಂದು ಕೇಳಿದ್ದಕ್ಕೆ ಕಂಪನಿಯ ಗುರುತು ಎಂದೇ ಹೇಳಿದ್ದೆ, ನೀನು ಅಂದ ಹಾಗೆಯೇ. ಅದನ್ನೂ ಹೇಳಿದೆ.

ಮಾರನೆಯ ದಿನ ನಾನು ಹೋಗುವಷ್ಟರಲ್ಲಿ ಡಿಸೈನ್ ರೂಮಿನ ಕುರ್ಚಿಯಲ್ಲಿ ಬೇರೆಯವನಿದ್ದ. ನನ್ನ ಕೈಗವಸು ಬೆಂಡಿಂಗ್ ಮಷಿನ್ ಮೇಲೆ ಇಟ್ಟಿದ್ದರು. ಈಗ ಟೀ ಕುಡಿಯಲು ಹೋದರೆ ‘ತಾಈ ಕಶಾ ಆಹೇತ?’ ಎಂದು ಕೇಳಿ ಕಣ್ಣು ಮಿಟುಕಿಸುತ್ತಾರೆ, ಅಕ್ಕ ಹೇಗಿದ್ದಾರೆ ಅಂತ. ಅಚ್ಚಿನಿಂದ ನಿನ್ನ ಹೆಸರು ತೆಗೆದಾಯಿತು, ನನ್ನದಂತೂ ಇರಲೇ ಇಲ್ಲ. ಸ್ಟ್ಯಾಂಡ್ ಮಾತ್ರ ಮಾರಾಟವಾಗುತ್ತಿದೆ, ಎಡಕ್ಕೆ ಕತ್ತರಿಸಿದ್ದು.

ನಿನ್ನ ಡಬ್ಬಿಯನ್ನು ಕೇಳಿ ಇಸಿದುಕೊಂಡೆ, ಕಲ್ಲು ಸಮೇತ ಸೋಮಲಿಂಗನ ಕೈಯಲ್ಲಿ ಕಳಿಸಿದ್ದೇನೆ. ತಮ್ಮನ ಕುರ್ಚಿ ಹೋಯಿತು, ಅಕ್ಕನ ಮಾತು ಉಳಿಯಿತು.

ಸಮಾಧಾನವಾಯಿತೇ?

ಮೈಲಾರಿ


ನಾಸಿಕ್ ರೋಡ್
9 ಮೇ 2025

ತಮ್ಮ ಮೈಲಾರಿಗೆ,

ಆಗಲಿಲ್ಲ.

ಹೇಳಿದೆ ಎಂದು ಓದಿದ ಕೂಡಲೇ ಆಗುತ್ತದೆಂದು ಕಾದೆ. ಒಲೆಯ ಮುಂದೆ ಕುಳಿತು ಎರಡು ಸಲ ಓದಿದೆ. ಸಿಟ್ಟು ಇತ್ತ ಕಡೆಯಿಂದ ಎದ್ದು ಅತ್ತ ಕಡೆ ಕುಳಿತಿತು ಅಷ್ಟೇ. ನಿಜ ಹೇಳಿದವನನ್ನು ನೋಡಿ ನಗುವ ಆ ಅಂಗಳದ ಮೇಲೆ ಸಿಟ್ಟು, ಕೈಗವಸು ಇಟ್ಟ ಆ ಸೇಠನ ಮೇಲೆ ಸಿಟ್ಟು. ನಿನ್ನ ಮೇಲಿನದೂ ಪೂರ್ತಿ ಹೋಗಿಲ್ಲ. ಅಕ್ಕನ ಮಾತು ಉಳಿಯಿತು ಎಂದು ಚುಚ್ಚಿ ಬರೆದಿದ್ದೀಯಲ್ಲ.

ಈಗ ನಿನಗೆ ತಿಳಿಯದ ಒಂದು ಮಾತು ಹೇಳುತ್ತೇನೆ. ಅಜ್ಜಿ ನನ್ನ ಚಾಳಿ ಬಿಡಿಸಲಿಲ್ಲ, ಬಚ್ಚಿಡಿಸಿದಳು. ಬಡಿಸುವುದು ಬಲಗೈ, ಪಂಕ್ತಿಯಲ್ಲಿ ಕುಳಿತರೆ ಬಲಗೈ. ಆದರೆ ಎಲ್ಲರೂ ಉಂಡೆದ್ದ ಮೇಲೆ ಅಡುಗೆಮನೆಯ ಬಾಗಿಲು ಮುಂದೆ ಮಾಡಿಕೊಂಡು ನಾನು ಎಡಗೈಯಿಂದಲೇ ಉಣ್ಣುತ್ತೇನೆ. ಮದುವೆಯಾದಾಗಿನಿಂದ ಹೀಗೇ. ನಿನ್ನ ಮಾಮಾನಿಗೆ ಗೊತ್ತು, ಅವರು ಬಾಗಿಲ ಕಡೆ ನೋಡುವುದಿಲ್ಲ. ಹೊಟ್ಟೆ ತುಂಬುವುದು ಹಾಗೆ ಉಂಡರೆ ಮಾತ್ರ.

ಎಡಗೈ ಎಂಜಲಾದರೆ ನನಗೆ ಶುದ್ಧವಿರುವುದು ಯಾವ ಕೈ? ನೀನೇ ಲೆಕ್ಕ ಹಾಕು.

ನೀನು ಮೊದಲು ಕಳಿಸಿದ ಆ ತಪ್ಪು ನಮೂನೆಯನ್ನು ಮೋರಿಗೆ ಬಿಸಾಡಬೇಕೆಂದು ಎತ್ತಿಟ್ಟಿದ್ದೆ. ಬಿಸಾಡಲಿಲ್ಲ. ನೀನು ಕಳಿಸಿದ ಡಬ್ಬಿಯಿಂದ ನನ್ನ ಕಲ್ಲು ಬಿಚ್ಚಿ ಅದರ ಬುಡಕ್ಕೆ ಕಟ್ಟಿದ್ದೇನೆ. ಲೋಕಕ್ಕೆಲ್ಲ ತಪ್ಪಾದ ಆ ತಗಡು ನನ್ನೊಬ್ಬಳಿಗೆ ಸರಿಯಾಗಿದೆ.

ನಿನ್ನೆ ಮಧ್ಯಾಹ್ನ ಅದನ್ನು ಹಾಲಿನ ಮೂಲೆಯ ಟೇಬಲ್ಲಿಗೆ ತಂದಿಟ್ಟು, ಗಿರಾಕಿಗಳು ಉಣ್ಣುತ್ತಿರುವಾಗಲೇ ನಾನೂ ತಾಟು ಹಾಕಿಕೊಂಡು ಕುಳಿತೆ. ಎಡಗೈಯಿಂದ ರೊಟ್ಟಿ ಮುರಿದೆ. ಸೋಮಲಿಂಗ ತುತ್ತು ಬಿಟ್ಟು ನೋಡಿದ. ‘ಅಕ್ಕಾ, ಎಡಗೈರಿ...’ ಎಂದ. ‘ಹೌದಪಾ, ನಂದ ಅದು’ ಎಂದೆ. ನಿನ್ನ ಅಂಗಳದ ಹಾಗೆ ಇಲ್ಲಿಯೂ ಎಲ್ಲರೂ ಉಣ್ಣುವುದನ್ನು ನಿಲ್ಲಿಸಿದರು. ನೀನು ಶಾಲು ಹಿಡಿದು ನಿಂತದ್ದು ಆಗ ನೆನಪಾಯಿತು. ಉಂಡು ಮುಗಿಸಿ ಬಲಗೈಯಿಂದ ಒಂದು ಕಾಗದ ಎಳೆದೆ. ಸ್ಟ್ಯಾಂಡ್ ಅಲುಗಲಿಲ್ಲ.

ರಜೆ ನೋಡಿಕೊಂಡು ಬಾ. ನನ್ನೆದುರಿಗೇ ಕೂರಬೇಕು, ಅದೇ ಟೇಬಲ್ಲಿಗೆ. ಆ ತಗಡಿನಲ್ಲಿ ನಿನಗೆ ಕಾಗದ ಸಿಗುವುದಿಲ್ಲ, ಬಲಗೈ ತುಂಬ ಎಂಜಲಿರುತ್ತದೆ. ಸುಮ್ಮನೆ ಕೂತಿರು. ನನ್ನ ಬಲಗೈ ಶುದ್ಧವಿರುತ್ತದೆ, ನಾನೇ ಎಳೆದು ಕೊಡುತ್ತೇನೆ. ಬೈಗುಳ ಮಾತ್ರ ಊಟ ಆದ ಮೇಲೆ.

ನಿನ್ನ ಎಡಚಿ ಅಕ್ಕ
ಚನಬಸವ್ವ